ಸಮುದ್ರಕ್ಕೆ ಗಿಂಬಲ್ ತಗೊಂಡು ಹೋಗುವ ಮುಂಚೆ ಇದನ್ನು ಓದಿ

ಸರ್ಫಿಂಗ್ ವಿಡಿಯೊ ಅಲುಗಾಡದೆ ಬರಲಿ ಅಂತ ಗಿಂಬಲ್ (ಕ್ಯಾಮೆರಾ ಅಲುಗಾಡದಂತೆ ಮೋಟರ್‌ಗಳಿಂದ ಹಿಡಿದಿಡುವ ಹಿಡಿಕೋಲು) ಕೊಳ್ಳೋಕೆ ಹೊರಟಿರುವವರು ದಯವಿಟ್ಟು ಒಂದು ನಿಮಿಷ ನಿಲ್ಲಿ. ಎರಡೇ ದಿನದಲ್ಲಿ ನಾನು ಗಿಂಬಲ್ಲನ್ನೂ ಹಾಳು ಮಾಡಿಕೊಂಡೆ, ಕ್ಯಾಮೆರಾವನ್ನೂ ಕಳೆದುಕೊಂಡೆ. ನಿಮಗೆ ಹಾಗಾಗೋದು ಬೇಡ.

ನನ್ನ ತಮ್ಮ ಸರ್ಫಿಂಗ್ ಕಲಿಯಬೇಕು ಅಂತ ಹಟ ಹಿಡಿದಿದ್ದ. ಮೂಲ್ಕಿ ಹತ್ತಿರದ ಸಸಿಹಿತ್ಲಿಗೆ ಹೊರಟೆವು. ನಂದಿನಿ, ಶಾಂಭವಿ ನದಿಗಳು ಸಮುದ್ರ ಸೇರುವ ಜಾಗ ಅದು. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದಿದ್ದೂ ಅಲ್ಲೇ. ಅವನು ಅಲೆಯ ಮೇಲೆ ಎದ್ದು ನಿಲ್ಲೋದನ್ನು ಅಮ್ಮನಿಗೆ ತೋರಿಸಬೇಕು ಅನ್ನೋದು ನನ್ನ ಆಸೆ. ಅದಕ್ಕೂ ಮುಂಚೆ ದಾಂಡೇಲಿಯಲ್ಲಿ ರಾಫ್ಟಿಂಗ್ ಮಾಡಿದಾಗಿನ ವಿಡಿಯೊ ನೋಡೋಕೆ ಕೂತ ಅಮ್ಮ, ತಲೆ ಸುತ್ತುತ್ತೆ ಅಂತ ಅರ್ಧಕ್ಕೇ ಎದ್ದುಬಿಟ್ಟಿದ್ದರು. ಅಷ್ಟು ಅಲುಗಾಟ. ಈ ಸಲ ಹಾಗಾಗಬಾರದು ಅಂತ ಅಂಗಡಿಗೆ ಹೋದೆ.

‘ಇದು ವಾಟರ್‌ಪ್ರೂಫ್ ಅಲ್ವಾ?’ ಅಂತ ಎರಡು ಸಲ ಕೇಳಿದೆ. ‘ಹೌದು ಸರ್, ನೀರಿಗೆ ಏನೂ ಆಗಲ್ಲ, ಧೈರ್ಯವಾಗಿ ತಗೊಂಡು ಹೋಗಿ’ ಅಂದರು. 14,000 ರೂಪಾಯಿ ಕೊಟ್ಟೆ. ಬಾಕ್ಸಿನ ಹಿಂದೆ ಸಣ್ಣ ಅಕ್ಷರದಲ್ಲಿ ‘ಐಪಿಎಕ್ಸ್4’ ಅಂತ ಬರೆದಿತ್ತು. ಓದಿದ್ದೆ, ಅರ್ಥ ಗೊತ್ತಿರಲಿಲ್ಲ.

ಎಷ್ಟು ನೀರು ತಡೆಯುತ್ತದೆ ಅಂತ ಹೇಳುವ ಗುರುತು ಅದು. 4 ಅಂದರೆ ಮೇಲೆ ನೀರು ಸಿಡಿದರೆ ತಡೆಯುತ್ತದೆ, ಅಷ್ಟೇ. ಮುಳುಗಿಸುವಂತಿಲ್ಲ. 7 ಅಂತಿದ್ದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ. ಅದೂ ನಿಂತ ಸಿಹಿನೀರಿನಲ್ಲಿ ಮಾಡುವ ಪರೀಕ್ಷೆ. ಅಪ್ಪಳಿಸುವ ಅಲೆಗೂ ಉಪ್ಪಿಗೂ ಆ ಸಂಖ್ಯೆ ಭರವಸೆ ಕೊಡೋದಿಲ್ಲ.

ಬೀಚಿನಲ್ಲಿ ಸರ್ಫಿಂಗ್ ಕಲಿಸುವ ಹುಡುಗ ನನ್ನ ಕೈ ನೋಡಿದ ಕೂಡಲೇ ‘ಅಣ್ಣ, ಅದನ್ನು ನೀರಿಗೆ ತರುವುದು ಬೇಡ, ಹಾಳಾಗ್ತದೆ’ ಅಂದ. ನಾನು ಕೇಳಲಿಲ್ಲ. ಎದೆಮಟ್ಟ ನೀರಿನಲ್ಲಿ ನಿಂತು ಶೂಟ್ ಮಾಡ್ತಾ ಇದ್ದೆ. ಮೂರನೆಯದೋ ನಾಲ್ಕನೆಯದೋ ಅಲೆ ತಲೆ ಮೇಲೆ ಒಡೆಯಿತು. ಗಿಂಬಲ್ಲಿನ ತೋಳು ಗಡಗಡ ನಡುಗಿತು, ಕ್ಯಾಮೆರಾ ಆಕಾಶ ನೋಡಿತು, ಆಮೇಲೆ ಕೆಳಕ್ಕೆ ಜೋತು ಬಿತ್ತು. ಆ ಮೋಟರ್‌ಗಳು ಇರೋದು ಅಂಗೈಯಗಲದ ಕ್ಯಾಮೆರಾದ ತೂಕ ಹಿಡಿಯೋಕೆ. ಅಲೆಯ ಹೊಡೆತಕ್ಕೆ ಅವು ಎಲ್ಲಿ ತಡೆದಾವು! ಮರುದಿನ ನೋಡಿದರೆ ಚಾರ್ಜಿಂಗ್ ಪಿನ್ನಿನ ಸುತ್ತ ಹಸಿರುಮಿಶ್ರಿತ ಬಿಳಿ ಪುಡಿ ಕಟ್ಟಿತ್ತು. ತೋಳನ್ನು ಕೈಯಲ್ಲಿ ತಿರುಗಿಸಿದರೆ ಒಳಗೆ ಮರಳು ಕರಕರ ಅಂತಿತ್ತು. ಊರಿಗೆ ಬಂದು ಅಂಗಡಿಗೆ ಹೋದಾಗ ನೀರು ಹೋದರೆ ವಾರಂಟಿ ಇಲ್ಲ ಅಂದುಬಿಟ್ಟರು. ಧೈರ್ಯವಾಗಿ ತಗೊಂಡು ಹೋಗಿ ಅಂದವರೇ!

ಎರಡನೇ ದಿನದ್ದು ಇನ್ನೂ ದೊಡ್ಡ ತಪ್ಪು. ಗಿಂಬಲ್ ಇಲ್ಲದಿದ್ದರೇನು, ತಮ್ಮ ನಿಲ್ಲುವ ಸರ್ಫಿಂಗ್ ಬೋರ್ಡಿನ ಮೂತಿಗೇ ಕ್ಯಾಮೆರಾ ಅಂಟಿಸೋಣ ಅಂದುಕೊಂಡೆ. ಕಲಿಯುವವರಿಗೆ ಕೊಡೋದು ಮೇಲ್ಭಾಗ ಮೆತ್ತಗಿರುವ ಫೋಮ್ ಬೋರ್ಡ್. ಅದರ ಮೇಲೆ ಸ್ಟಿಕ್ಕರ್ ಮೌಂಟ್, ಅಂದರೆ ಕ್ಯಾಮೆರಾ ಕೂರಿಸುವ ಅಂಟಿನ ತಳ, ಸರಿಯಾಗಿ ಹಿಡಿಯೋದೇ ಇಲ್ಲ. ಗಟ್ಟಿ ಬೋರ್ಡಾದರೂ ಕಾಲು ಜಾರದಿರಲಿ ಅಂತ ಹಚ್ಚಿರುವ ವ್ಯಾಕ್ಸ್ (ಮೇಣ) ಪೂರ್ತಿ ತೆಗೆದು, ಒರೆಸಿ, ಒಣಗಿಸಿ, ಅಂಟಿಸಿದ ಮೇಲೆ 24 ಗಂಟೆ ಬಿಡಬೇಕು. ನಾನು ಬೆಳಿಗ್ಗೆ ಅಂಟಿಸಿ, ಅರ್ಧ ಗಂಟೆಯಲ್ಲಿ ನೀರಿಗಿಳಿಸಿದೆ. ಹಗ್ಗ ಕಟ್ಟಿರಲಿಲ್ಲ. ತೇಲುವ ಫ್ಲೋಟ್ ಹಾಕಿರಲಿಲ್ಲ. ಈ ಕ್ಯಾಮೆರಾಗಳು ತಾವಾಗೇ ತೇಲೋದಿಲ್ಲ, ಕಲ್ಲಿನ ಹಾಗೆ ಮುಳುಗುತ್ತವೆ.

ತಮ್ಮ ಎದ್ದು ನಿಂತ. ಕಣ್ಣಾರೆ ನೋಡಿದೆ, ನಾಲ್ಕೈದು ಸೆಕೆಂಡ್ ನಿಂತಿದ್ದ. ಬಿದ್ದು, ಬೋರ್ಡ್ ಎಳೆದುಕೊಂಡು ನಗುತ್ತಾ ಬಂದ. ಮೂತಿ ಖಾಲಿ. ಕದಡಿದ ನೀರಿನಲ್ಲಿ ಒಂದು ಗಂಟೆ ಕಾಲಿನಿಂದ ತಡಕಾಡಿದೆವು. ಸಿಗಲಿಲ್ಲ. ಕ್ಯಾಮೆರಾ ಹೋಗಿದ್ದಕ್ಕಿಂತ ಆ ವಿಡಿಯೊ ಇದ್ದ ಮೆಮೊರಿ ಕಾರ್ಡ್ ಹೋಗಿದ್ದು ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ಆಮೇಲೆ ಗೊತ್ತಾಗಿದ್ದು ಇನ್ನೊಂದಿದೆ. ನನ್ನ ಆ ಹಳೇ ಕ್ಯಾಮೆರಾದಲ್ಲೇ ಅಲುಗಾಟ ತಡೆಯುವ ವ್ಯವಸ್ಥೆ ಇತ್ತು. ದಾಂಡೇಲಿಯಲ್ಲಿ ನಾನು ಅದನ್ನು ಮೆನುವಿನಲ್ಲಿ ಆನ್ ಮಾಡೇ ಇರಲಿಲ್ಲ! 2018ರ ಗೋಪ್ರೊ ಹೀರೋ7 ಬ್ಲ್ಯಾಕ್ ಕ್ಯಾಮೆರಾದಲ್ಲಿ ಹೈಪರ್‌ಸ್ಮೂತ್ ಅನ್ನುವ ಅಂಥ ವ್ಯವಸ್ಥೆ ಬಂದ ಮೇಲೆ ಬೇರೆ ಕಂಪನಿಯವರೂ ಇಂಥದ್ದನ್ನು ಕೊಡ್ತಾ ಬಂದಿದ್ದಾರೆ. ಒಳಗಿನ ಗೈರೊಸ್ಕೋಪ್ ಅಲುಗಾಟ ಅಳೆಯುತ್ತದೆ, ಕ್ಯಾಮೆರಾ ಚಿತ್ರದ ಅಂಚು ಸ್ವಲ್ಪ ಕತ್ತರಿಸಿ ಸರಿಮಾಡುತ್ತದೆ. ತಿರುಗುವ ಭಾಗವೇ ಇಲ್ಲ, ಹಾಗಾಗಿ ಅಲೆಗೆ ಮುರಿಯೋದೂ ಇಲ್ಲ. ಆದರೆ ಇದಕ್ಕೆ ಬೆಳಕು ಬೇಕು. ಮುಂಜಾನೆ ಮಬ್ಬಿನಲ್ಲಿ ಶಟರ್ ನಿಧಾನವಾಗಿ ಪ್ರತಿ ಫ್ರೇಮೂ ಮಸುಕಾಗುತ್ತದೆ. ಆ ಮಸುಕನ್ನು ಅಲುಗಾಟ ತಡೆಯುವ ಯಾವ ವ್ಯವಸ್ಥೆಗೂ ತೆಗೆಯೋಕಾಗಲ್ಲ. ಬಿಸಿಲು ಏರಿದ ಮೇಲೆ, ಶಟರ್ 1/240 ಸೆಕೆಂಡಿಗಿಂತ ನಿಧಾನ ಆಗದ ಹಾಗೆ ಇಟ್ಟು, ಸೆಕೆಂಡಿಗೆ 60 ಫ್ರೇಮಿನಲ್ಲಿ ತೆಗೀರಿ.

ಈಗ ಬೇರೆ ಕ್ಯಾಮೆರಾ ಇದೆ. ಕೇಸ್ ಇಲ್ಲದೆ 10 ಮೀಟರ್ ಆಳ ತಡೆಯುವಂಥದ್ದು. ಕಿತ್ತಳೆ ಬಣ್ಣದ ತೇಲುವ ಹಿಡಿಗೆ ಹಾಕಿ, ಹಗ್ಗವನ್ನು ಮಣಿಕಟ್ಟಿಗೆ ಬಿಗಿದುಕೊಂಡು, ನಾನೇ ನೀರಿನಲ್ಲಿ ನಿಂತು ತೆಗೆಯುತ್ತೇನೆ. ಮೊಣಕೈ ಸ್ವಲ್ಪ ಮಡಚಿ ಹಿಡಿದರೆ ಅರ್ಧ ಅಲುಗಾಟ ಅಲ್ಲೇ ಹೋಗುತ್ತದೆ. ಲೆನ್ಸಿನ ಮೇಲೆ ಹನಿ ನಿಲ್ಲದಿರೋಕೆ ಸರ್ಫಿಂಗ್ ಕಲಿಸುವ ಆ ಹುಡುಗನೇ ಒಂದು ಉಪಾಯ ಹೇಳಿಕೊಟ್ಟ. ಗಾಜನ್ನು ನಾಲಿಗೆಯಿಂದ ಒಮ್ಮೆ ಸವರಿ ನೀರಿಗೆ ಅದ್ದೋದು. ಹನಿ ಕಟ್ಟದೆ ನೀರು ತೆಳುವಾಗಿ ಹರಡಿ ಜಾರುತ್ತದೆ. ಮುಗಿದ ಮೇಲೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು, ಪೂರ್ತಿ ಒರೆಸಿ, ಆಮೇಲೆ ಮಾತ್ರ ಬ್ಯಾಟರಿ ಬಾಗಿಲು ತೆರೆಯುತ್ತೇನೆ. ಆ ಬಾಗಿಲಿನಲ್ಲಿ ನೀರು ತಡೆಯುವ ರಬ್ಬರಿನ ಮೇಲೆ ಒಂದು ಮರಳಿನ ಕಾಳು ಕೂತರೂ ಸಾಕು, ಮುಂದಿನ ಸಲ ನೀರು ಒಳಗೆ.

ಗಿಂಬಲ್ ಈಗಾಗಲೇ ಕೊಂಡಿದ್ದರೆ ದಡದ ಮೇಲೆ ನಡೆದಾಡುತ್ತಾ ಬಳಸಿ, ಅಲ್ಲಿ ಅದು ಚೆನ್ನಾಗೇ ಕೆಲಸ ಮಾಡುತ್ತದೆ. ಇನ್ನು ಬೋರ್ಡಿನ ಮೇಲೇ ಕ್ಯಾಮೆರಾ ಬೇಕು ಅನ್ನುವವರು, ನಿಮ್ಮದು ಗಟ್ಟಿ ಬೋರ್ಡಾಗಿದ್ದರೆ ಮಾತ್ರ ಸ್ಟಿಕ್ಕರ್ ನಂಬಿ. ಆಗಲೂ ಹಗ್ಗವನ್ನು ಅದೇ ಸ್ಟಿಕ್ಕರ್‌ಗೆ ಕಟ್ಟಬೇಡಿ, ಬೇರೆ ಕಡೆ ಕಟ್ಟಿ. ಭಾನುವಾರ ಹೊರಡೋದಾದರೆ ಶುಕ್ರವಾರ ರಾತ್ರಿಯೇ ಅಂಟಿಸಿಡಿ.