ಕಿರುಚುವ ನಲ್ಲಿಗೆ ವಾಷರ್ ಸಾಕಾ, ಸ್ಪಿಂಡಲ್ ಬೇಕಾ?

ಬೆಳಗ್ಗೆ ಐದಕ್ಕೆ ಬಚ್ಚಲಿನ ನಲ್ಲಿ ತಿರುಗಿಸಿದರೆ ಮನೆಮಂದಿಗೆಲ್ಲ ಎಚ್ಚರವಾಗುತ್ತಿತ್ತು. ಪೂರ್ತಿ ತೆರೆದರೆ ಸದ್ದಿಲ್ಲ. ಅರ್ಧಕ್ಕೆ ತಂದರೆ ಸಾಕು, ಗೋಡೆಯೊಳಗಿನ ಪೈಪೇ ಕಿರುಚಿದ ಹಾಗೆ. ತ್ಯಾಗರಾಜನಗರದ ಹಳೇ ಮನೆ ನಮ್ಮದು. ಎರಡು ಬಚ್ಚಲು, ಎರಡರಲ್ಲೂ ಒಂದೇ ಕಾಲದ ತಿರುಪಿನ ನಲ್ಲಿ, ಎರಡಕ್ಕೂ ಒಂದೇ ರೋಗ. ಕರೆಸಿದ ಪ್ಲಂಬರ್ ಎರಡನ್ನೂ ಕಿತ್ತು ಹೊಸದು ಹಾಕಿ ಅಂದರು. ಮನಸ್ಸು ಒಪ್ಪಲಿಲ್ಲ. ಒಂದಕ್ಕೆ ವಾಷರ್, ಇನ್ನೊಂದಕ್ಕೆ ಸೆರಾಮಿಕ್ ಸ್ಪಿಂಡಲ್ (ರಬ್ಬರಿನ ಬದಲು ಎರಡು ಪಿಂಗಾಣಿ ಬಿಲ್ಲೆಗಳಿಂದ ನೀರು ತಡೆಯುವ, ನಲ್ಲಿಯೊಳಗಿನ ತಿರುಗುವ ಭಾಗ) ಹಾಕಿ ನೋಡಿದೆ.

ವಾಷರ್ ಕೆಲಸ ಅರ್ಧ ಗಂಟೆಯದ್ದು. ಗೇಟ್ ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದ ನೀರು ಹರಿಬಿಟ್ಟು, ಪಾನಾ ಹಾಕಿ ತಲೆ ಬಿಚ್ಚಿದೆ. ಒಳಗಿನ ರಬ್ಬರ್ ವಾಷರ್ ಕಲ್ಲಿನಂತೆ ಗಟ್ಟಿಯಾಗಿ, ಅಂಚು ಹರಿದಿತ್ತು. ಅದನ್ನು ಹಿಡಿದಿದ್ದ ಬಿಲ್ಲೆಯೂ ಸಡಿಲ. ನೀರು ನುಗ್ಗುವಾಗ ಅದು ಪಟಪಟ ನಡುಗುತ್ತದೆ, ಆ ನಡುಕವೇ ಪೈಪಿಗೆ ಹತ್ತಿ ಕೂಗಾಗುತ್ತದೆ. 10 ರೂಪಾಯಿಯ ಹೊಸ ವಾಷರ್ ಹಾಕಿದ್ದೇ ತಡ, ಸದ್ದು ನಿಂತಿತು. ವಾಷರ್ ಕೂರುವ ಹಿತ್ತಾಳೆ ಅಂಚನ್ನೂ ಬೆರಳಾಡಿಸಿ ನೋಡಿ. ಅಲ್ಲಿ ಗುಳಿ ಬಿದ್ದಿದ್ದರೆ ಹೊಸ ರಬ್ಬರೂ ಜಾಸ್ತಿ ದಿನ ಬಾಳುವುದಿಲ್ಲ.

ಸ್ಪಿಂಡಲ್‌ಗೆ 220 ರೂಪಾಯಿ ಕೊಟ್ಟೆ. ಹಳೆಯದನ್ನು ಅಂಗಡಿಗೆ ಒಯ್ದಿದ್ದು ಒಳ್ಳೆಯದಾಯಿತು, ತಿರುಪಿನ ಮರೆ (ಥ್ರೆಡ್) ಒಂದೇ ಆಗಿರಬೇಕಲ್ವಾ? ಎಲ್ಲ ನಲ್ಲಿಗೂ ಇದು ಕೂರುವುದಿಲ್ಲ. ಕೂತರೆ ಮಾತ್ರ ತುಂಬಾ ಹಗುರ. ಕಾಲು ಸುತ್ತು ತಿರುಗಿಸಿದರೆ ಸಾಕು. ಕೀಲುನೋವಿರುವ ಅಮ್ಮನಿಗೆ ಅದು ದೊಡ್ಡ ಸಮಾಧಾನ. ಆದರೆ ರಪ್ಪನೆ ಮುಚ್ಚಿದರೆ ಪೈಪ್ ದಡ್ ಅನ್ನುತ್ತದೆ. ನೀರು ಒಮ್ಮೆಲೇ ನಿಂತು ಗುದ್ದುವ ಸದ್ದು ಅದು, ನಿಧಾನ ಮುಚ್ಚಿದರೆ ಇಲ್ಲ. ಇನ್ನೊಂದು ತೊಂದರೆ, ಟ್ಯಾಂಕ್ ತೊಳೆಸಿದ ವಾರ ಸಣ್ಣ ಮರಳು ಪಿಂಗಾಣಿ ಬಿಲ್ಲೆಗಳ ನಡುವೆ ಸಿಕ್ಕಿ ಬಿಗಿಯಾಯಿತು. ಬಿಚ್ಚಿ ತೊಳೆಯಬೇಕಾಯಿತು.

ಎಂಟು ತಿಂಗಳಾಯಿತು, ಎರಡೂ ಕಿರುಚಿಲ್ಲ. ವಾಷರ್ ಹಾಕಿದ್ದು ಮಾತ್ರ ಈಗೀಗ ಕೊಂಚ ಬಿಗಿಯಾಗಿ ಮುಚ್ಚದಿದ್ದರೆ ತೊಟ್ಟಿಕ್ಕುತ್ತದೆ. ಆದರೂ ಬೋರ್‌ವೆಲ್ ನೀರಿನ ಮನೆಗೆ ನಾನು ವಾಷರನ್ನೇ ಹೇಳುತ್ತೇನೆ. ಉಪ್ಪು, ಮರಳು ಎರಡನ್ನೂ ರಬ್ಬರ್ ತಾಳಿಕೊಳ್ಳುತ್ತದೆ. ವಯಸ್ಸಾದವರು ಬಳಸುವ ಬಚ್ಚಲಾದರೆ ಸೆರಾಮಿಕ್.

ನಿಮ್ಮದು ಬಾಯಿಗೆ ಜಾಲರಿ ಇರುವ ಹೊಸ ನಲ್ಲಿಯಾದರೆ ಇದೆಲ್ಲಕ್ಕೂ ಮೊದಲು ಆ ಜಾಲರಿ ಬಿಚ್ಚಿ ನೀರು ಬಿಡಿ. ಸದ್ದು ನಿಂತರೆ ಅಲ್ಲಿ ಉಪ್ಪೋ ಕಸವೋ ಕಟ್ಟಿದೆ ಅಂತ ಅರ್ಥ. ಸ್ವಲ್ಪ ಹೊತ್ತು ವಿನೆಗರ್‌ನಲ್ಲಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ ಹಾಕಿ.