ಸ್ಕ್ರೀಮಿಂಗ್ ಫ್ರಾಗ್ ಮತ್ತು ಸರ್ಚ್ ಕನ್ಸೋಲ್: ಎರಡು ವರ್ಷ ಬಳಸಿದ ಮೇಲೆ

ಬ್ಯಾಗ್ ಮಾರುವ ಒಂದು ಚಿಕ್ಕ ಆನ್‌ಲೈನ್ ಅಂಗಡಿಯನ್ನು ನಾನು ನೋಡಿಕೊಳ್ಳುತ್ತೇನೆ. ಅದರ ಪೇಜ್ ಟೈಟಲ್ (ಗೂಗಲ್ ಹುಡುಕಾಟದಲ್ಲಿ ಕಾಣುವ ಶೀರ್ಷಿಕೆ), ಮೆಟಾ ಡಿಸ್ಕ್ರಿಪ್ಷನ್‌ಗಳು (ಅದರ ಕೆಳಗೆ ಬರುವ ಚಿಕ್ಕ ವಿವರಣೆ) ಸರಿಯಾಗಿವೆಯಾ ಅಂತ ತಿಂಗಳಿಗೊಮ್ಮೆ ಸ್ಕ್ರೀಮಿಂಗ್ ಫ್ರಾಗ್ ಎಸ್‌ಇಒ ಸ್ಪೈಡರ್‌ನಲ್ಲಿ ನೋಡುತ್ತೇನೆ. ಸೈಟಿನ ಪೇಜುಗಳನ್ನು ಒಂದೊಂದಾಗಿ ಓದಿ ಪಟ್ಟಿ ಮಾಡಿಕೊಡುವ ಸಾಫ್ಟ್‌ವೇರ್ ಅದು. ನನ್ನದು ಉಚಿತ ಆವೃತ್ತಿ. ಒಂದು ಸಲಕ್ಕೆ 500 ವೆಬ್ ವಿಳಾಸ ಓದುತ್ತದೆ, ಚಿಕ್ಕ ಅಂಗಡಿಗೆ ಸಾಕು. ಆದರೆ ಬಣ್ಣ, ಅಳತೆ ಫಿಲ್ಟರ್ ಒತ್ತಿದಾಗೆಲ್ಲ ಹೊಸ ವಿಳಾಸ ಹುಟ್ಟುವ ಅಂಗಡಿಯಾದರೆ ಆ 500 ಬೇಗ ಮುಗಿದುಹೋಗುತ್ತದೆ.

ಸ್ಪೈಡರ್‌ನಲ್ಲಿ ನಾನು ಮೊದಲು ತೆರೆಯುವುದು ಡೂಪ್ಲಿಕೇಟ್ ಫಿಲ್ಟರ್, ಅಂದರೆ ಒಂದೇ ಟೈಟಲ್ ಇರುವ ಪೇಜುಗಳ ಪಟ್ಟಿ. ಶುರುವಿನಲ್ಲಿ ಒಂದೇ ಬ್ಯಾಗಿನ ಎಂಟು ಬಣ್ಣದ ಪೇಜುಗಳಿಗೂ ಒಂದೇ ಟೈಟಲ್ ಇತ್ತು. ಹುಡುಕುವವರಿಗೆ ಎಂಟೂ ಒಂದೇ ಥರ ಕಂಡರೆ ಯಾವುದನ್ನು ಒತ್ತಬೇಕು? ಟೈಟಲ್ಲೇ ಇಲ್ಲದ ಪೇಜುಗಳೂ ಬೇರೆಯಾಗಿ ಸಿಗುತ್ತವೆ.

ಉಚಿತ ಆವೃತ್ತಿಯಲ್ಲಿ ಕ್ರಾಲ್ (ಒಂದು ಸಲ ಸೈಟ್ ಓದಿದ ಫಲಿತಾಂಶ) ಉಳಿಸಿಡಲು ಆಗಲ್ಲ. ಹಾಗಾಗಿ ಪ್ರತಿ ಸಲ ಎಕ್ಸ್‌ಪೋರ್ಟ್ ಮಾಡಿ, ಹಿಂದಿನ ತಿಂಗಳ ಶೀಟಿನ ಪಕ್ಕ ಇಟ್ಟು ನೋಡುತ್ತೇನೆ. ಈ ಅಭ್ಯಾಸವೇ ನನ್ನನ್ನು ಒಮ್ಮೆ ಉಳಿಸಿತು. ಅಂಗಡಿಯ ಥೀಮ್ ಅಪ್‌ಡೇಟ್ ಆದ ಮೇಲೆ ಎಲ್ಲ ಪ್ರಾಡಕ್ಟ್ ಪೇಜಿಗೂ ಹೋಮ್ ಪೇಜಿನ ಡಿಸ್ಕ್ರಿಪ್ಷನ್ನೇ ಬಂದು ಕೂತಿತ್ತು. ಪೇಜ್ ತೆರೆದು ನೋಡಿದರೆ ಏನೂ ಗೊತ್ತಾಗುವುದಿಲ್ಲ, ಏಕೆಂದರೆ ಡಿಸ್ಕ್ರಿಪ್ಷನ್ ಪೇಜಿನ ಮೇಲೆ ಕಾಣಿಸುವುದೇ ಇಲ್ಲ. ಶೀಟಿನಲ್ಲಿ ಮಾತ್ರ ಒಂದೇ ಸಾಲು ಮೇಲಿಂದ ಕೆಳಗಿನವರೆಗೂ ಇತ್ತು. ಎದೆ ಧಸಕ್ ಅಂದಿತು.

ಉದ್ದದ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. 60 ಅಕ್ಷರ ದಾಟಿದ ಟೈಟಲ್‌ಗಳನ್ನು ಸ್ಪೈಡರ್ ಬೇರೆ ಮಾಡಿ ತೋರಿಸುತ್ತದೆ. ಆದರೆ ಗೂಗಲ್ ಇಷ್ಟೇ ಅಕ್ಷರ ಇರಬೇಕು ಅಂತ ಹೇಳಿಲ್ಲ. ಸ್ಕ್ರೀನಿನ ಅಗಲಕ್ಕೆ ತಕ್ಕಂತೆ ಕತ್ತರಿಸುತ್ತದೆ, ಅಷ್ಟೇ. ಕನ್ನಡದಲ್ಲಂತೂ ಅಕ್ಷರ ಎಣಿಸುವುದೇ ಬೇರೆ ಕಥೆ. ‘ಹತ್ತಿ’ ನಮ್ಮ ಕಣ್ಣಿಗೆ ಎರಡು ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಐದು. ಅದಕ್ಕೇ ಕನ್ನಡ ಟೈಟಲ್‌ಗಳನ್ನು ಮೊಬೈಲಿನಲ್ಲಿ ಹುಡುಕಿ ಕಣ್ಣಾರೆ ನೋಡುತ್ತೇನೆ. ಮುಖ್ಯವಾದ ಮಾತನ್ನು ಮೊದಲೇ ಇಡುತ್ತೇನೆ, ಕೊನೆ ಕತ್ತರಿಸಿ ಹೋದರೂ ನಷ್ಟವಿಲ್ಲ.

ಸ್ಪೈಡರ್ ತಪ್ಪು ಹಿಡಿಯುತ್ತದೆ, ನಿಜ. ಟೈಟಲ್ ಕೆಲಸ ಮಾಡುತ್ತಿದೆಯಾ ಅನ್ನುವುದನ್ನು ಅದು ಹೇಳಲಾರದು. ಅದಕ್ಕೆ ಗೂಗಲ್ ಸರ್ಚ್ ಕನ್ಸೋಲ್ ಬೇಕೇ ಬೇಕು. ನಮ್ಮ ಪೇಜುಗಳು ಹುಡುಕಾಟದಲ್ಲಿ ಹೇಗೆ ನಡೆಯುತ್ತಿವೆ ಅಂತ ತೋರಿಸುವ ಗೂಗಲ್‌ನದೇ ಸಾಧನ ಅದು. ನಮ್ಮ ಒಂದು ಪೇಜಿನ ಟೈಟಲ್ ‘ಪ್ರೀಮಿಯಂ ಕ್ವಾಲಿಟಿ ಬ್ಯಾಗ್’ ಅಂತಿತ್ತು. ಅಳತೆ, ಫಿಲ್ಟರ್ ಎಲ್ಲದರಲ್ಲೂ ಪಾಸ್. ಕನ್ಸೋಲ್‌ನಲ್ಲಿ ನೋಡಿದರೆ ಇಂಪ್ರೆಶನ್ (ಹುಡುಕಾಟದಲ್ಲಿ ಎಷ್ಟು ಸಲ ಕಂಡಿತು ಅನ್ನುವ ಲೆಕ್ಕ) ಜಾಸ್ತಿ, ಕ್ಲಿಕ್ ತೀರಾ ಕಡಿಮೆ. ಜನ ಹುಡುಕುತ್ತಿದ್ದದ್ದು ಲ್ಯಾಪ್‌ಟಾಪ್ ಹಿಡಿಸುವ ಬ್ಯಾಗು, ಅದೂ ಇಂಚಿನ ಲೆಕ್ಕದಲ್ಲಿ. ‘15.6 ಇಂಚಿನ ಲ್ಯಾಪ್‌ಟಾಪ್ ಬ್ಯಾಗ್, ನೀರು ಇಳಿಯದ ಬಟ್ಟೆ’ ಅಂತ ಬದಲಿಸಿದೆ. ಕೆಲವು ವಾರದಲ್ಲಿ ಕ್ಲಿಕ್ ಏರತೊಡಗಿತು. ಆದರೂ ತಕ್ಷಣ ಖುಷಿಪಡಲಿಲ್ಲ. ಹುಡುಕಾಟದ ಪಟ್ಟಿಯಲ್ಲಿ ಪೇಜಿನ ಸರಾಸರಿ ಸ್ಥಾನವೂ ಮೇಲೆ ಹೋಗಿದ್ದರೆ ಅದು ಟೈಟಲ್‌ನಿಂದಲೇ ಆಯ್ತು ಅನ್ನಲು ಬರುವುದಿಲ್ಲ ಅಲ್ವಾ? ಸ್ಥಾನ ಹಾಗೇ ಇತ್ತು. ಆಗ ನಂಬಿದೆ. ಕನ್ಸೋಲ್ 16 ತಿಂಗಳ ಮಾಹಿತಿ ಇಡುತ್ತದೆ, ಹಾಗಾಗಿ ಕಳೆದ ವರ್ಷದ ಇದೇ ತಿಂಗಳ ಜೊತೆಗೂ ಹೋಲಿಸಬಹುದು.

ಇನ್ನೊಂದು ಮಾತು. ನಾವು ಬರೆದದ್ದನ್ನೇ ಗೂಗಲ್ ತೋರಿಸಬೇಕೆಂದಿಲ್ಲ. 2021ರ ಆಗಸ್ಟ್‌ನಲ್ಲಿ ಟೈಟಲ್ ಆರಿಸುವ ರೀತಿಯನ್ನು ಅದು ಬದಲಿಸಿತು. ಈಗ ಪೇಜಿನ ಹೆಡ್ಡಿಂಗ್‌ನಿಂದಲೂ ಎತ್ತಿಕೊಳ್ಳುತ್ತದೆ. ಡಿಸ್ಕ್ರಿಪ್ಷನ್ ಬದಲು ಪೇಜಿನೊಳಗಿನ ಸಾಲು ಹಾಕುವುದಂತೂ ಮಾಮೂಲು. ಡಿಸ್ಕ್ರಿಪ್ಷನ್‌ನಿಂದ ರ‍್ಯಾಂಕ್ ಏರುವುದಿಲ್ಲ, ಆದರೂ ಸುಮ್ನೆ ಖಾಲಿ ಬಿಡಬೇಡಿ. ಒತ್ತಬೇಕೋ ಬೇಡವೋ ಅಂತ ಯೋಚಿಸುವವರು ಓದುವುದು ಅದನ್ನೇ. ನನ್ನ ಶೀಟಿನಲ್ಲಿ ಈಗ ‘ನಾನು ಬರೆದದ್ದು’ ಪಕ್ಕದಲ್ಲಿ ‘ಗೂಗಲ್ ತೋರಿಸಿದ್ದು’ ಅಂತ ಇನ್ನೊಂದು ಕಾಲಮ್ ಇದೆ. ಎರಡೂ ಬೇರೆಯಾದ ಪೇಜನ್ನೇ ಆ ತಿಂಗಳು ಮೊದಲು ತಿದ್ದುತ್ತೇನೆ.