ಗುಜರಿ ಗೇರ್‌ಬಾಕ್ಸ್ ತರೋದಾ, ಇದ್ದದ್ದನ್ನೇ ಬಿಚ್ಚಿಸೋದಾ?

ನನ್ನ ಕಾರು, ತಮ್ಮನ ಕಾರು ಒಂದೇ ಮಾದರಿಯ ಪೆಟ್ರೋಲ್ ಗಾಡಿ. ಎರಡೂ ಕಲಬುರಗಿ–ಸೇಡಂ ರಸ್ತೆಯಲ್ಲೇ ಸವೆದವು. ಸಿಮೆಂಟ್ ಲಾರಿ ಹಿಂದೆ ಸೆಕೆಂಡು, ಥರ್ಡು, ಮತ್ತೆ ಸೆಕೆಂಡು ಅಂತ ಹಾಕ್ತಾನೇ ಇರಬೇಕಾದ ದಾರಿ ಅದು. ಎರಡರಲ್ಲೂ ಸೆಕೆಂಡ್ ಗೇರಿಗೆ ಕರ್ ಅನ್ನೋ ಸದ್ದು ಶುರುವಾಯ್ತು. ತಮ್ಮ ಹೈದರಾಬಾದಿನ ಗುಜರಿಯಿಂದ ಇಡೀ ಬಾಕ್ಸ್ ತಂದ. ನಾನು ಇದ್ದದ್ದನ್ನೇ ಬಿಚ್ಚಿಸಿ ರಿಪೇರಿ ಮಾಡಿಸಿದೆ. ಎರಡನ್ನೂ ಓಡಿಸಿ ನೋಡಿದ ಮೇಲೆ ನನ್ನ ಓಟು ಬಿಚ್ಚಿಸಿದ್ದಕ್ಕೇ.

ಗುಜರಿ ಬಾಕ್ಸಿನಿಂದ ಟೈಮ್ ಉಳಿಯುತ್ತೆ, ನಿಜ. ಬೆಳಿಗ್ಗೆ ಬಿಟ್ಟ ಗಾಡಿ ಸಂಜೆಗೆ ಕೈಗೆ ಬಂತು. ಆದ್ರೆ ಬೋಲ್ಟ್ ಕೂತ ಮಾತ್ರಕ್ಕೆ ಬಾಕ್ಸ್ ಹೊಂದಿತು ಅಂತಲ್ಲ. ಕ್ಲಚ್ ಪ್ಲೇಟ್ ಕೂರುವ ಸ್ಪ್ಲೈನ್ (ಶಾಫ್ಟ್ ಮೇಲಿನ ಹಲ್ಲುಗೆರೆ), ಮೌಂಟಿಂಗ್, ಸ್ಪೀಡೋಮೀಟರಿಗೆ ಕೇಬಲ್ಲೋ ಸೆನ್ಸರೋ, ಇವೆಲ್ಲ ಸರಿಯಾಗಬೇಕು. ಹೊರಗಿಂದ ಕಾಣದೇ ಇರೋದು ಫೈನಲ್ ಡ್ರೈವ್ ರೇಶಿಯೋ, ಅಂದ್ರೆ ಬಾಕ್ಸಿನ ಕೊನೆಯ ಹಲ್ಲುಚಕ್ರದ ಜೋಡಿ ವೇಗವನ್ನು ಎಷ್ಟು ಪಟ್ಟು ತಗ್ಗಿಸಿ ಚಕ್ರಕ್ಕೆ ಕೊಡುತ್ತೆ ಅನ್ನೋ ಲೆಕ್ಕ. ತಮ್ಮನಿಗೆ ಸಿಕ್ಕಿದ್ದರಲ್ಲಿ ಅದೇ ಬೇರೆ. ಪಿಕಪ್ ಚೆನ್ನಾಗಿದೆ, ಆದ್ರೆ ಜೇವರ್ಗಿ ರಸ್ತೆಯಲ್ಲಿ ಟಾಪ್ ಗೇರಿನಲ್ಲಿ 80ಕ್ಕೆ ಹೋದರೆ ಎಂಜಿನ್ ಕೂಗುತ್ತೆ.

ತರಲೇಬೇಕಾದರೆ ಹಳೇ ಬಾಕ್ಸಿನ ಸುತ್ತಿನ ಲೆಕ್ಕ ಬರೆದುಕೊಂಡು ಹೋಗಿ. ಟಾಪ್ ಗೇರ್ ಹಾಕಿ, ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟ್ ಕೂರುವ ಒಂದು ಬದಿಯನ್ನು ಗಟ್ಟಿಯಾಗಿ ಹಿಡೀರಿ. ಇನ್ನೊಂದು ಬದಿ ಹತ್ತು ಸುತ್ತು ಬರಲು ಇನ್‌ಪುಟ್ ಶಾಫ್ಟ್ (ಎಂಜಿನ್ ಕಡೆಯ ಶಾಫ್ಟ್) ಎಷ್ಟು ಸುತ್ತು ಬೇಕು ಅಂತ ಎಣಿಸಿ. ಗುಜರಿಯಲ್ಲೂ ಅಷ್ಟೇ ಬಂದರೆ ದುಡ್ಡು ಕೊಡಿ.

ಬಿಚ್ಚಿಸಿದಾಗ ರೋಗ ಕಣ್ಣೆದುರೇ ಇತ್ತು. ಮಿಸ್ತ್ರಿ ಹೊಸ ಹಿತ್ತಾಳೆ ಸಿಂಕ್ರೋ ರಿಂಗನ್ನು (ಗೇರ್ ಬೀಳೋ ಮುಂಚೆ ವೇಗ ಹೊಂದಿಸೋ ಬಳೆ) ಗೇರಿನ ಕೋನ್ ಮೇಲೆ ಒತ್ತಿದರು, ನಡುವೆ ಸಣ್ಣ ಸಂದು ಉಳೀತು. ಹಳೇ ರಿಂಗ್ ಒತ್ತಿದರು, ಸಂದೇ ಇಲ್ಲ. ಒಳಗಿನ ಗೆರೆಗಳೆಲ್ಲ ಸವೆದು ನುಣ್ಣಗಾಗಿದ್ದವು. ಹಾಗಾದ ರಿಂಗ್ ಗೇರಿನ ವೇಗವನ್ನು ಹಿಡಿಯಲ್ಲ, ಕರ್ ಅನ್ನೋದು ಅದಕ್ಕೇ. ನ್ಯೂಟ್ರಲ್‌ನಲ್ಲಿ ಗುಂಯ್ ಅಂತಿದ್ದು, ಕ್ಲಚ್ ಒತ್ತಿದರೆ ನಿಲ್ಲುವ ಸದ್ದೂ ಇತ್ತು. ಅದು ಇನ್‌ಪುಟ್ ಶಾಫ್ಟ್ ಬೇರಿಂಗ್. ಅದನ್ನೂ ಬದಲಿಸಿದರು. ಸಾಮಾನು ಬರೋವರೆಗೆ ಗಾಡಿ ನಿಂತೇ ಇತ್ತು, ಅದೊಂದು ಕಷ್ಟ. ಖರ್ಚು ಇಬ್ಬರಿಗೂ ಹೆಚ್ಚುಕಮ್ಮಿ ಒಂದೇ. ಆದ್ರೆ ತಮ್ಮನ ಬಾಕ್ಸಿನ ರಿಂಗ್ ಎಷ್ಟು ಸವೆದಿದೆ ಅಂತ ಯಾರೂ ನೋಡಿಲ್ಲ ಅಲ್ವಾ?

ಗೇರ್ ಆಯಿಲ್ ಇಬ್ಬರದೂ ಜಿಎಲ್-4, ಕಂಪನಿ ಪುಸ್ತಕದಲ್ಲಿದ್ದ ಗ್ರೇಡೇ. ಅಂಗಡಿಯವರು ಜಿಎಲ್-5 ಇನ್ನೂ ಒಳ್ಳೇದು ಅಂದ್ರೆ ಒಪ್ಪಬೇಡಿ. ಅದರಲ್ಲಿ ಜಾಸ್ತಿ ಇರುವ ಗಂಧಕ-ರಂಜಕದ ಮಿಶ್ರಣ ಹಿತ್ತಾಳೆ ರಿಂಗಿಗೆ ಆಗಿಬರಲ್ಲ.

ಬಾಕ್ಸಿನ ಕೇಸಿಂಗೇ ಸೀಳಿದ್ದರೆ ಮಾತ್ರ ನಾನೂ ಗುಜರಿಗೇ ಹೋಗುತ್ತೇನೆ.